ನೀರಿಗೆ ಬಿಗಿ, ಕೈಗೆ ಸಡಿಲ

ಬೆಳಗಿನ ಐದೂ ಕಾಲು. ಸರೋವರದ ಅಂಚಿನಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತ ಹೆಂಗಸೊಬ್ಬರು, ಆಗಷ್ಟೇ ಅಚ್ಚುಕಟ್ಟಾಗಿ ಸಾಮಾನು ಕಟ್ಟಿ ಮುಗಿಸಿದ ಕಯಾಕನ್ನು ಎರಡೂ ಕೈಯಲ್ಲಿ ಹಿಡಿದು ದಬಕ್ಕನೆ ಮಗುಚಿ ಹಾಕುತ್ತಾರೆ. ದಡದಲ್ಲಿ ನಿಂತ ಗಿರಾಕಿ "ಅಯ್ಯಯ್ಯೋ" ಎಂದು ಎದೆ ಹಿಡಿದುಕೊಳ್ಳುತ್ತಾನೆ. ಹೆಂಗಸು ತಿರುಗಿಯೂ ನೋಡುವುದಿಲ್ಲ. ತುಟಿ ಅಲ್ಲಾಡಿಸುತ್ತ ಇಪ್ಪತ್ತರವರೆಗೆ ಎಣಿಸುತ್ತಾರೆ. ನೀರಿನ ಮೇಲೆ ಏನೂ ತೇಲಿ ಬರುವುದಿಲ್ಲ. ದೋಣಿಯನ್ನು ಮತ್ತೆ ನೆಟ್ಟಗೆ ಮಾಡಿದಾಗ ಗಾಳದ ಕೋಲುಗಳೆರಡು, ಬಲೆ, ಕೊಕ್ಕೆಗಳ ಡಬ್ಬಿ, ಹುಟ್ಟು ಎಲ್ಲವೂ ಇದ್ದಲ್ಲೇ ಇವೆ.

"ಬನ್ನಿ, ಕೂತ್ಕೊಳ್ಳಿ. ಕಣ್ಣು ಮುಚ್ಚಿ. ಒಂದೇ ಕೈ," ಎನ್ನುತ್ತಾರೆ. ಗಿರಾಕಿ ಕಣ್ಣು ಮುಚ್ಚಿ ತಡಕಾಡುತ್ತಾನೆ. ಬೆರಳಿಗೆ ಗಂಟಿನ ಬಾಲ ಸಿಗುತ್ತದೆ. ಎಳೆದ ಕೂಡಲೇ ಕೋಲು ಕೈಗೆ ಬರುತ್ತದೆ. "ಹ್ಞೂಂ, ಪಾಸು," ಎಂದು ಮತ್ತೆ ಕಟ್ಟಿಕೊಟ್ಟು ದೋಣಿಯನ್ನು ನೀರಿಗೆ ತಳ್ಳುತ್ತಾರೆ.

ಊರೆಲ್ಲ ಇವರನ್ನು ಗಂಟಕ್ಕ ಎಂದೇ ಕರೆಯುತ್ತದೆ. ಕಟ್ಟುವ ಗಂಟಿನಿಂದ ಬಂದ ಹೆಸರು ಎನ್ನುವವರಿದ್ದಾರೆ, ಬೆಳಗಾತ ಆ ಮುಖ ನೋಡಿದವರು ಬೇರೆಯೇ ಕಾರಣ ಹೇಳುತ್ತಾರೆ. ವಯಸ್ಸು ಐವತ್ತೆರಡು. ಕಯಾಕ್ ಎಂದರೆ ಒಬ್ಬರೇ ಕೂತು ಹುಟ್ಟು ಹಾಕುವ ಕಿರುದೋಣಿ, ಜೋರಾಗಿ ಸೀನಿದರೂ ಓಲಾಡುವ ಜಾತಿ. ಅಂಥದ್ದರಲ್ಲಿ ಕೂತು ಮೀನು ಹಿಡಿಯುವ ಹವ್ಯಾಸಿಗಳಿಗೆ ಬಾಡಿಗೆ ಕೊಡುವ ಅಂಗಳವೊಂದರಲ್ಲಿ ಗಂಟಕ್ಕನ ಕೆಲಸ. ದೋಣಿಗೆ ನಾಲ್ಕು ಹುರಿ, ಆರು ನಿಮಿಷ. ರಜೆಯ ದಿನ ಇಪ್ಪತ್ಮೂರು ದೋಣಿ, ಅಂದರೆ ಸೂರ್ಯ ಮೇಲೇರುವಷ್ಟರಲ್ಲಿ ತೊಂಬತ್ತೆರಡು ಗಂಟು. ಹೀಗೆ ಹನ್ನೊಂದು ವರ್ಷ. ಹಿಡಿದ ಮೀನಿನ ಜೊತೆ ಫೋಟೊ ತೆಗೆಸಿಕೊಂಡವರು ನೂರಾರು ಮಂದಿ, ಆ ಫೋಟೊಗಳಲ್ಲಿ ಒಂದರಲ್ಲೂ ಗಂಟಕ್ಕ ಇಲ್ಲ.

ಮಾತಾಡುವಾಗ ಮೇಲಿನ ಮುಂದಿನ ಹಲ್ಲು ಅರ್ಧವೇ ಇರುವುದು ಕಾಣುತ್ತದೆ. ಕೇಳಿದರೆ ಮುಚ್ಚುಮರೆ ಇಲ್ಲ. "ನನ್ನ ದಡ್ಡತನಕ್ಕೆ ನಾನೇ ಕೊಟ್ಟ ಸುಂಕ," ಎನ್ನುತ್ತಾರೆ.

ಹದಿನಾರು ವರ್ಷದ ಹಿಂದೆ ಗಂಟಕ್ಕ ಮತ್ತು ಅವರ ಅಣ್ಣ ಇಬ್ಬರೂ ಒಂದೊಂದು ಕಯಾಕಿನಲ್ಲಿ ಮೀನು ಹಿಡಿದು ಬದುಕುತ್ತಿದ್ದವರು. ಒಮ್ಮೆ ಅಣ್ಣನ ಒಳ್ಳೆಯ ಕೋಲೊಂದು ನೀರುಪಾಲಾಯಿತು. ತಂಗಿಗೆ ರೋಷ ಬಂತು. ಮಾರನೆಯ ದಿನ ಅಣ್ಣನ ಕೋಲನ್ನು ಐದು ಸುತ್ತು ಸುತ್ತಿ, ಸತ್ತರೂ ಬಿಚ್ಚದಂಥ ಗಂಟು ಹಾಕಿದರು. ಅದೇ ದಿನ ಗಾಳಿ ಎದ್ದು ಅಣ್ಣನ ದೋಣಿ ಮಗುಚಿತು. ಹುರಿ ಕಾಲಿಗೆ ಸುತ್ತಿಕೊಂಡಿತು. ನೆಂದ ಗಂಟು ಉಬ್ಬಿ ಕಲ್ಲಾಗಿತ್ತು. ನೀರಿಗೆ ಹಾರಿದ ತಂಗಿ ಉಗುರಿನಿಂದ ಬಿಚ್ಚಲಾರದೆ, ಕೊನೆಗೆ ಹಲ್ಲಿನಿಂದ ಕಚ್ಚಿ ಕಚ್ಚಿ ಹರಿದರು.

"ಕೋಲು ಉಳೀತು ನೋಡಿ. ಅಣ್ಣ ಹೋಗ್ತಿದ್ದ," ಎನ್ನುವಾಗ ಗಂಟಕ್ಕನ ದನಿ ಗಡುಸಾಗುತ್ತದೆ. "ಕೆಟ್ಟ ಮೇಲೆ ಬುದ್ಧಿ ಬಂತು. ಸಾಮಾನು ಹೋಗಬಾರದು ಅಂತ ಎಲ್ರೂ ಕಟ್ತಾರೆ. ಮನುಷ್ಯ ಹೋಗಬಾರದು ಅಂತ ಕಟ್ಟಬೇಕು. ನೀರು ಎಳೆದ್ರೆ ಬಿಗಿ ಆಗಬೇಕು, ಕೈ ಎಳೆದ್ರೆ ಬಿಡಬೇಕು. ಅಷ್ಟೇ ವಿದ್ಯೆ."

ಆ ಅಷ್ಟೇ ವಿದ್ಯೆ ಕೈಗೆ ಹತ್ತಲು ಎರಡು ವರ್ಷ ಹಿಡಿಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಗಾದೆಯನ್ನು ಹುರಿಯಲ್ಲಿ ಕಟ್ಟಿ ತೋರಿಸುವುದು ಸುಲಭವಲ್ಲ. ಅಣ್ಣ ಈಗ ನೀರಿಗಿಳಿಯುವುದಿಲ್ಲ. ಮನೆಯ ಕಿಟಕಿ ಪಕ್ಕದ ಮೇಜಿನ ಮುಂದೆ ಕೂತು, ತಂಗಿಗೆ ಬೇಕಾದ ಹುರಿಗಳನ್ನು ಮೊಳದುದ್ದಕ್ಕೆ ಕತ್ತರಿಸಿ, ತುದಿ ಸುಟ್ಟು, ಕಟ್ಟು ಮಾಡಿ ಇಡುತ್ತಾರೆ. ಅತ್ತಿಗೆಯದು ಬೇರೆಯೇ ದೂರು. "ಅಣ್ಣ ತಂಗಿ ಸೇರಿ ಬಟ್ಟೆ ಒಣಹಾಕೋ ಹಗ್ಗಕ್ಕೂ ಅದೇ ಗಂಟು ಹಾಕಿದ್ದಾರೆ. ಯಾರಾದ್ರೂ ಬಾಲ ಎಳೆದ್ರೆ ಮುಗೀತು, ಒಗೆದ ಬಟ್ಟೆಯೆಲ್ಲ ಮಣ್ಣುಪಾಲು!"

ಈ ವರ್ಷ ಅಂಗಳಕ್ಕೆ ಹೊಸ ಧಣಿ ಬಂದಿದ್ದಾರೆ. ಅವರ ಜೊತೆ ಒಂದು ಪೆಟ್ಟಿಗೆ ತುಂಬ ಸ್ಪ್ರಿಂಗ್ ಕ್ಲಿಪ್ಪುಗಳೂ ಬಂದಿವೆ. ಕಟ್ಟುವ ರಗಳೆಯೇ ಇಲ್ಲ. ಟಕ್ಕೆಂದು ಒತ್ತಿದರೆ ಆಯಿತು, ದೋಣಿಗೆ ಅರ್ಧ ನಿಮಿಷ. ಮೀನು ಕಚ್ಚುವುದೇ ಮುಂಜಾನೆ, ಆ ಹೊತ್ತನ್ನು ಸಾಲಿನಲ್ಲಿ ನಿಂತು ಕಳೆಯಬೇಕೇ ಎಂದು ಗಿರಾಕಿಗಳು ಗೊಣಗುವುದೂ ಸುಳ್ಳಲ್ಲ. ಸೋಮವಾರದಿಂದ ಈ ಮಗುಚುವ ಪರೀಕ್ಷೆ ಬಿಡಬೇಕು, ಇಲ್ಲವೇ ಕೆಲಸ ಬಿಡಬೇಕು ಎಂದು ಧಣಿ ಕಡ್ಡಿ ಮುರಿದಂತೆ ಹೇಳಿದ್ದಾರೆ.

ಗಂಟಕ್ಕ ಕ್ಲಿಪ್ಪನ್ನು ನೋಡದೆ ಬೈದವರಲ್ಲ. ಒಂದನ್ನು ಮನೆಗೊಯ್ದು ಬಕೆಟ್ ನೀರಿನಲ್ಲಿ ಕೈ ಮುಳುಗಿಸಿ, ಕಣ್ಣು ಮುಚ್ಚಿ, ಮೂವತ್ತು ಸಲ ಬಿಚ್ಚಿ ನೋಡಿದ್ದಾರೆ. ಹನ್ನೊಂದು ಸಲ ಬಿಚ್ಚಲಾಗಲಿಲ್ಲ. "ಹಿಡ್ಕೊಳ್ಳೋದರಲ್ಲಿ ಇದನ್ನ ಮೀರಿಸೋರಿಲ್ಲ. ಬಿಡೋದು ಮಾತ್ರ ಗೊತ್ತಿಲ್ಲ. ನನ್ನ ಹಳೇ ಗಂಟೇ ಇದು, ಕಬ್ಬಿಣದಲ್ಲಿ ಬಂದಿದೆ."

ಶನಿವಾರ ದಂತವೈದ್ಯರೊಬ್ಬರು ಗಾಳದ ದಾರ ಸುತ್ತುವ ತಮ್ಮ ಹೊಸ ರೀಲು ನೆನೆಯುತ್ತದೆ, ಪರೀಕ್ಷೆ ಬೇಡವೇ ಬೇಡ ಎಂದು ಹಟ ಹಿಡಿಯುತ್ತಾರೆ. ಗಂಟಕ್ಕ ಅವರ ಎರಡೂ ಕೋಲು ಬಿಚ್ಚಿ, ಒರೆಸಿ, ದಡದ ಕಟ್ಟೆಗೆ ಒರಗಿಸುತ್ತಾರೆ. "ಕೋಲಿಲ್ಲದೆ ಬೇಕಾದ್ರೆ ಹೋಗಿ ಬನ್ನಿ ಡಾಕ್ಟ್ರೇ. ಹಲ್ಲು ಕೀಳೋ ಮುಂಚೆ ನೀವು ಸೂಜಿ ಚುಚ್ತೀರಲ್ಲ, ಬೇಡ ಅಂದ್ರೆ ಕೇಳ್ತೀರಾ?" ಸಾಲಿನಲ್ಲಿದ್ದವರು ಗೊಳ್ಳೆಂದು ನಗುತ್ತಾರೆ. ವೈದ್ಯರು ಸಿಡುಕಿಕೊಂಡೇ ಧಣಿಯ ಬಳಿ ಹೋಗಿ ಕ್ಲಿಪ್ಪು ಹಾಕಿಸಿಕೊಂಡು ನೀರಿಗಿಳಿಯುತ್ತಾರೆ. ಮೂರು ತಾಸಿನ ನಂತರ ಎರಡೂ ಕೋಲು, ಜೊತೆಗೆ ದೊಡ್ಡ ಮೀನೊಂದನ್ನು ಹಿಡಿದು ನಗುನಗುತ್ತ ಮರಳುತ್ತಾರೆ. ಧಣಿಯ ಮುಖ ಅರಳುತ್ತದೆ. ಗಂಟಕ್ಕನಿಗೆ ಆ ದಿನ ಊಟ ಸೇರುವುದಿಲ್ಲ. ಅವಮಾನವಾಗಿದೆ, ಅದನ್ನು ಬಾಯಿಬಿಟ್ಟೇ ಹೇಳುತ್ತಾರೆ. ಆದರೆ ಪರೀಕ್ಷೆ ಬಿಡುತ್ತೀರಾ ಎಂದರೆ ಜಪ್ಪಯ್ಯ ಅನ್ನುವುದಿಲ್ಲ.

ಸೋಮವಾರ ನಾಲ್ಕೂವರೆಗೆ ಗಂಟಕ್ಕ ಎಂದಿನಂತೆ ಬರುತ್ತಾರೆ. ಧಣಿ ಅವರಿಗೆ ಗೇಟು ತೆರೆಯುವುದಿಲ್ಲ. ಗಂಟಕ್ಕ ಬೈಯುವುದಿಲ್ಲ, ಅಳುವುದೂ ಇಲ್ಲ. ಗೇಟಿನಿಂದ ಇಪ್ಪತ್ತು ಹೆಜ್ಜೆ ಆಚೆ, ಯಾರ ಅಪ್ಪನ ಆಸ್ತಿಯೂ ಅಲ್ಲದ ಸಾರ್ವಜನಿಕ ದಡದಲ್ಲಿ ಹುರಿಗಳ ಚೀಲ ಇಟ್ಟು, ಸೀರೆ ಎತ್ತಿ ಕಟ್ಟಿ ನೀರಿಗಿಳಿಯುತ್ತಾರೆ. ಅಂಗಳದಿಂದ ಹೊರಟ ಮೊದಲ ನಾಲ್ಕು ದೋಣಿಗಳು ಕಂಡೂ ಕಾಣದಂತೆ ಮುಂದೆ ಹೋಗುತ್ತವೆ. ಐದನೆಯದು ಆಸ್ಪತ್ರೆಯ ದಾದಿಯೊಬ್ಬರದು. ಅವರು ಹುಟ್ಟು ತಿರುಗಿಸಿ ದಡಕ್ಕೆ ಬರುತ್ತಾರೆ. ಕ್ಲಿಪ್ಪುಗಳನ್ನು ಕಿತ್ತು ಕೈಯಲ್ಲಿ ಹಿಡಿದು, "ನನಗೆ ನಿಮ್ಮ ಗಂಟೇ ಇರ್ಲಿ ಅಕ್ಕಾ, ಮನೇಲಿ ಎರಡು ಮಕ್ಕಳಿವೆ," ಎನ್ನುತ್ತಾರೆ. ಅವರ ಹಿಂದೆ ಇನ್ನೂ ಇಬ್ಬರು ಬಂದು ಸಾಲು ನಿಲ್ಲುತ್ತಾರೆ. ಅಂಗಳದ ಇಪ್ಪತ್ಮೂರು ದೋಣಿಗಳಲ್ಲಿ ಮೂರು, ಅಷ್ಟೇ.

ಆ ಮೂರಕ್ಕೇ ಧಣಿ ಗೇಟು ತೆರೆದು ಧಾವಿಸಿ ಬರುತ್ತಾರೆ. "ಯಾಕಮ್ಮಾ ಈ ಹಟ? ಹನ್ನೊಂದು ವರ್ಷದಿಂದ ಇಲ್ಲಿ ಯಾರಿಗೂ ಏನೂ ಆಗಿಲ್ಲ. ಇಲ್ಲದ ಭಯ ಹುಟ್ಟಿಸ್ತೀಯಲ್ಲ!"

ಗಂಟಕ್ಕ ದಾದಿಯ ದೋಣಿಯ ಕೊನೆಯ ಹುರಿ ಬಿಗಿದು, ಒದ್ದೆ ಕೈಯನ್ನು ಸೊಂಟಕ್ಕೆ ಒರೆಸಿಕೊಂಡು ನೆಟ್ಟಗೆ ನಿಲ್ಲುತ್ತಾರೆ.

"ಏನೂ ಆಗಿಲ್ಲ ಅಂದ್ರಲ್ಲ ಸ್ವಾಮಿ, ಅದು ತಾನಾಗೇ ಆಗದೇ ಇದ್ದಿದ್ದಲ್ಲ. ದಿನಾ ಬೆಳಿಗ್ಗೆ ಬಂದು ನಾನು ಆಗದ ಹಾಗೆ ಮಾಡಿದ್ದು."