ಗೋಬರ್ ಗ್ಯಾಸಿನ ಬಾವಿಗೆ ಇಳಿಸಿದ ಕಂದೀಲು

ಆ ಕಂದೀಲು ಬಾವಿಯೊಳಗೆ ಇಳಿಯುವುದು ಈಗಲೂ ಕಣ್ಣ ಮುಂದೆ ಬರುತ್ತದೆ. ಮಾವನವರ ಕೈಯಲ್ಲಿ ಹಗ್ಗ. ಬಾವಿಯ ದಂಡೆಯ ಮೇಲೆ ಒಂದು ಕಾಲು ಒಳಗೆ ಬಿಟ್ಟು ಕೂತ ಮೇಸ್ತ್ರಿ. ಮನಸ್ಸು ಅಲ್ಲಿಗೆ ನಿಂತು, ಹಿಂದಕ್ಕೆ ಹೋಗಿ, ಮತ್ತೆ ಅದನ್ನೇ ನೋಡುತ್ತದೆ. ಪ್ರತಿ ಸಲವೂ ಕಂದೀಲು ಅಷ್ಟೇ ನಿಧಾನವಾಗಿ ಇಳಿಯುತ್ತದೆ.

ಎಂಬತ್ತರ ದಶಕದ ಮಾತು. ಕೊಟ್ಟೂರಿನಲ್ಲಿ ಬಿ.ಎ. ಮುಗಿಸಿದ ನಾನು ಗುಡೇಕೋಟೆ ಹತ್ತಿರದ ಹಳ್ಳಿಯೊಂದಕ್ಕೆ ಸೊಸೆಯಾಗಿ ಬಂದು ಬಹಳ ದಿನವಾಗಿರಲಿಲ್ಲ. ಮಾವನವರು ಪಂಚಾಯಿತಿ ಚೇರ್ಮನ್ನರು. ಊರಿನ ಸಗಣಿಯನ್ನೆಲ್ಲ ಒಂದೇ ಕಡೆ ಸುರಿದು, ಅದರ ಗ್ಯಾಸಿನಿಂದ ನಮ್ಮ ಓಣಿಯ ಒಲೆಗಳನ್ನೂ ಬೀದಿದೀಪಗಳನ್ನೂ ಉರಿಸುವುದಕ್ಕೆ ಕೇಂದ್ರ ಸರ್ಕಾರ ಪಂಚಾಯಿತಿಗೆ ಅನುದಾನ ಕೊಟ್ಟಿತ್ತು. "ದಿಲ್ಲಿಯವ್ರು ಎಮ್ಮಿ ಸಗಣಿಗೆ ರೊಕ್ಕ ಕಳಸ್ಯಾರ, ಹಾಲಿಗೆ ಯಾವಾಗ ಕಳಸ್ತಾರ?" ಎಂದು ಕಟ್ಟೆಯ ಮೇಲೆ ಕೂತವರು ನಗುತ್ತಿದ್ದರು. ನಗುತ್ತಲೇ ಬೆಳಿಗ್ಗೆ ಸಗಣಿ ಬುಟ್ಟಿ ಕಳಿಸುತ್ತಿದ್ದರು.

ಇಟ್ಟಿಗೆಯಲ್ಲಿ ಕಟ್ಟಿದ ದುಂಡನೆಯ ಬಾವಿ, ಅದರೊಳಗೆ ಕಲಸಿದ ಸಗಣಿ, ಮೇಲೆ ಬೋರಲು ಹಾಕಿದ ದೊಡ್ಡ ಕಬ್ಬಿಣದ ಡ್ರಮ್ಮು. ಗ್ಯಾಸು ತುಂಬಿದಂತೆ ಡ್ರಮ್ಮು ಏಳಬೇಕು. ಕೆಲವು ತಿಂಗಳು ಚೆನ್ನಾಗಿಯೇ ಎದ್ದಿತು. ಆಮೇಲೆ ಒಂದು ಮಗ್ಗುಲಿಗೆ ವಾಲಿ ಸಿಕ್ಕಿಕೊಂಡಿತು. ಒಲೆ ಆರಿತು. ಒಲೆ ಉರಿಯುವುದನ್ನು ಕಣ್ಣಾರೆ ನೋಡಿದ ಮೇಲೇ ಉಳಿದ ಅನುದಾನ ಎಂದು ಹೇಳಿದ್ದ ಅಧಿಕಾರಿಗಳು ಅದೇ ವಾರ ಬಳ್ಳಾರಿಯಿಂದ ಬರುವವರಿದ್ದರು.

ಮಾವನವರು ಕೂಡ್ಲಿಗಿಯಿಂದ ಮೇಸ್ತ್ರಿಯನ್ನು ಕರೆಸಿದರು. ಆತ ಮುಸ್ಲಿಮರ ಮನೆತನದವನು, ಪಂಪು, ಎಂಜಿನ್ನು ರಿಪೇರಿಯಲ್ಲಿ ಹೆಸರಾದವನು. ಮಾವನವರಿಗೂ ಅವನಿಗೂ ಹಳೆಯ ಸಲಿಗೆ. ಮೂರು ಕಂಬ ನೆಟ್ಟು, ಸರಪಳಿ ಹಾಕಿ, ಡ್ರಮ್ಮನ್ನು ಆಳೆತ್ತರಕ್ಕೆ ಎಳೆದು ಬಾವಿಯ ನೆತ್ತಿಯ ಮೇಲೆಯೇ ತೂಗಬಿಟ್ಟರು. ಸಗಣಿ ನೀರನ್ನು ಅರ್ಧದವರೆಗೆ ತೋಡಿದರು. ಡ್ರಮ್ಮು ಏರಿಳಿಯಲು ಒಳಗೆ ನಿಲ್ಲಿಸಿದ್ದ ಕೊಳವೆ ಸೊಟ್ಟಗಾಗಿದ್ದು ಕಾಣಿಸಿತು. ಮೇಸ್ತ್ರಿ ಅಂಗಿ ಬಿಚ್ಚಿ ದಂಡೆಯ ಮೇಲೆ ಕೂತ.

"ಲೇ, ತಡಿ. ದೀಪ ನೋಡದ ಇಳಿಬ್ಯಾಡ," ಎಂದರು ಮಾವ.

ನಮ್ಮ ಸೀಮೆಯಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಮುಚ್ಚಿಟ್ಟ ಹಗೇವಿನಲ್ಲಿ ಗಾಳಿ ಕೆಟ್ಟಿರುತ್ತದೆ. ಬಾಯಿ ತೆಗೆದ ಮೇಲೆ ಮೊದಲು ದೀಪ ಇಳಿಸಬೇಕು. ದೀಪ ಆರಿದರೆ ಮನುಷ್ಯ ಇಳಿಯಬಾರದು. ಮಾವನವರ ಅಣ್ಣ ಹರೆಯದಲ್ಲಿ ಹಾಗೆ ನೋಡದೆ ಇಳಿದು ಮೇಲೆ ಬಂದಿರಲಿಲ್ಲ. ಅಂದಿನಿಂದ ಯಾರ ಹಗೇವು ತೆಗೆದರೂ ಕಂದೀಲು ಹಿಡಿದು ಇವರೇ ಮುಂದೆ ನಿಲ್ಲುತ್ತಿದ್ದರು.

"ಇದು ಹಗೇವು ಅಲ್ಲರಿ ಗೌಡ್ರ, ಸಗಣಿ ಬಾವಿ," ಎಂದ ಮೇಸ್ತ್ರಿ. "ವಾಸನಿಗೆ ಸಾಯೂದಾಗಿದ್ರ ಮುಂಜಾನೇನ ಸತ್ತಿರ್ತಿದ್ದೆ."

"ಬಾವಿ ಯಾವ್ದಾದ್ರೇನು, ಉಸಿರು ಒಂದ."

ದೀಪ ಇಳಿಸುವುದು ಯಾರಿಗೂ ತಪ್ಪೆನಿಸಲಿಲ್ಲ. ಚಹಾ ತಂದು ನಿಂತಿದ್ದ ನನಗೂ ಅದು ಒಳ್ಳೆಯ ಎಚ್ಚರಿಕೆಯೆಂದೇ ತೋರಿತು. ಬಾವಿ ಕಟ್ಟಿಸಿದವರು ಒಲೆ ಹಚ್ಚುವುದನ್ನು ಹೇಳಿಕೊಟ್ಟಿದ್ದರು. ಬಾವಿ ತೆರೆಯುವುದನ್ನು ಹೇಳಿರಲಿಲ್ಲ.

ಕಂದೀಲು ದಂಡೆಯ ಕೆಳಗೆ ಹೋಯಿತು. ಅದರ ಗಾಜಿನೊಳಗೆ ಬೆಳಕು ಒಮ್ಮೆ ಉಬ್ಬಿತು. ಆಮೇಲೆ ಭುಗ್ಗೆಂದು ಒಂದು ಸದ್ದು. ಬಾವಿಯ ಬಾಯಿ ತುಂಬ ನೀಲಿ ಬೆಂಕಿ ಎದ್ದು, ತೂಗುತ್ತಿದ್ದ ಡ್ರಮ್ಮಿಗೆ ಬಡಿದು, ಇಲ್ಲವಾಯಿತು. ಹಗಲಿನಲ್ಲಿ ಆ ಬೆಂಕಿ ಕಂಡದ್ದಕ್ಕಿಂತ ಅದರ ಬಿಸಿ ತಾಗಿದ್ದೇ ಹೆಚ್ಚು. ಮೇಸ್ತ್ರಿ ಹಿಂದಕ್ಕೆ ಅಂಗಾತ ಬಿದ್ದಿದ್ದ. ಮಾವನವರ ಹುಬ್ಬು ಸುಟ್ಟಿತ್ತು. ಬಲಗೈ ಮೊಣಕೈವರೆಗೆ ಕೆಂಪಾಗಿತ್ತು. ಹಗ್ಗವನ್ನು ಇನ್ನೂ ಬಿಟ್ಟಿರಲಿಲ್ಲ.

ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಮೇಲೆ ಅವರು ಪಡಸಾಲೆ ಬಿಟ್ಟು ಏಳಲಿಲ್ಲ. ಅಧಿಕಾರಿಗಳು ಬಂದು ಆರಿದ ಒಲೆಯನ್ನೇ ನೋಡಿದರು. ಜೊತೆಗಿದ್ದ ಎಂಜಿನಿಯರು ನಡೆದದ್ದನ್ನು ಕೇಳಿ ತಲೆಯ ಮೇಲೆ ಕೈಯಿಟ್ಟುಕೊಂಡ. ಡ್ರಮ್ಮನ್ನು ಪೂರ್ತಿ ದೂರ ಇಡಿ, ದಿನಗಟ್ಟಲೆ ಗಾಳಿಯಾಡಲಿ, ಹತ್ತಿರ ಬೀಡಿ ಕೂಡ ಹಚ್ಚಬೇಡಿ, ಇಳಿಯುವ ಮೊದಲು ಬುಟ್ಟಿಯಲ್ಲಿ ಕೋಳಿ ಇಳಿಸಿ ನೋಡಿ ಎಂದು ಹೇಳಿ, ಅನುದಾನಕ್ಕೆ ಕಾಲಾವಕಾಶ ಕೊಡಿಸಿ ಹೋದ.

ಮೇಸ್ತ್ರಿ ತಾನಾಗಿಯೇ ಬಂದು ಪಡಸಾಲೆಯಲ್ಲಿ ಕೂತ.

"ನನ್ನ ಕೈಯಾರೆ ನಿನ್ನ ಸುಡತಿದ್ನಲ್ಲೋ," ಎಂದರು ಮಾವ.

"ನೀವು ತಡಿ ಅಂದ್ರಿ, ನಾ ಹೊರಗ ಉಳದೆ. ಇಳದಿದ್ರ ಒಳಗ ಉಸಿರು ಕಟ್ಟಿ ಬೀಳತಿದ್ದೆ ಅಂತ ಆ ಎಂಜಿನಿಯರ್ರೂ ಅಂದಾರ."

ಇಬ್ಬರ ಮಾತೂ ನಿಜ. ಇಷ್ಟು ವರ್ಷ ಅದನ್ನೇ ತಿರುವಿ ಹಾಕುತ್ತಿದ್ದೇನೆ, ಒಂದರಿಂದ ಇನ್ನೊಂದು ಸುಳ್ಳಾಗುವುದಿಲ್ಲ.

ಬಾವಿ ಬಹಳ ದಿನ ಬಾಯ್ತೆರೆದು ಬಿದ್ದಿತ್ತು. ನಮ್ಮದು ಲಿಂಗವಂತರ ಓಣಿ, ಕೋಳಿಯನ್ನು ಯಾರೂ ಸಾಕುತ್ತಿರಲಿಲ್ಲ. ಮೇಸ್ತ್ರಿ ತನ್ನ ಮನೆಯ ಹ್ಯಾಟೆ ಕೋಳಿಯನ್ನೇ ಬುಟ್ಟಿಯಲ್ಲಿ ಮುಚ್ಚಿಕೊಂಡು ಬಸ್ಸಿನಲ್ಲಿ ತಂದ. ಹಗ್ಗ ಹಿಡಿಯಲು ಎರಡು ಮೂರು ಜನ ಮುಂದೆ ಬಂದರು. ಮಾವನವರು ಯಾರಿಗೂ ಕೊಡಲಿಲ್ಲ. ಜನ್ಮದಲ್ಲಿ ಕೋಳಿ ಮುಟ್ಟದವರು, ಪಟ್ಟಿ ಕಟ್ಟಿದ ಕೈಯಿಂದ ಬುಟ್ಟಿಯನ್ನು ಇಳಿಸಿ, ಬಗ್ಗಿ ನೋಡುತ್ತ ನಿಂತರು. ಕೆಳಗಿನಿಂದ ಕೊಕ್ಕೊಕ್ಕೊ ಎಂಬ ಬೈಗುಳ ಕೇಳುತ್ತಲೇ ಇತ್ತು. ಮೇಲೆ ಎಳೆದುಕೊಂಡು, ಅದನ್ನು ಬುಟ್ಟಿಯಿಂದ ತೆಗೆದು, ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡರು.

"ಸಾಕು ಬಿಡ್ರಿ ಗೌಡ್ರ," ಎಂದ ಮೇಸ್ತ್ರಿ, ಅಂಗಿ ಬಿಚ್ಚುತ್ತ. "ಅದಕ್ಕೂ ಉಸಿರಾಡಾಕ ಬಿಡ್ರಿ."

ಮಾವನವರು ಕೋಳಿಯನ್ನು ನನ್ನ ಕೈಗೆ ಕೊಟ್ಟು, ಹಗ್ಗವನ್ನು ಅವನ ಸೊಂಟಕ್ಕೆ ತಾವೇ ಕಟ್ಟಿದರು.