ಹಿಡಿಯೊಳಗಿನ ತುಕ್ಕು

ಹೋದ ತಿಂಗಳ ಎರಡನೇ ಮಂಗಳವಾರ, ಬೆಳಿಗ್ಗೆ ಹತ್ತೂವರೆಗೆ, ನಾನು ಸಕಲೇಶಪುರದ ಹಲ್ಲಿನ ಡಾಕ್ಟರ ಕೋಣೆಯ ಹೊಸಿಲ ಬಳಿ ನಿಂತಿದ್ದೆ. ಒಳಗೆ ಯಾರದೋ ಹಲ್ಲಿಗೆ ಲವಂಗದೆಣ್ಣೆ ಹಾಕಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ನಾನು ಹಿಂದೆ ಸರಿದು ಬೆಂಚಿನ ಮೇಲೆ ಕೂತುಬಿಟ್ಟೆ. ನೋವು ಜಾಸ್ತಿಯಾಯಿತೇ ಎಂದು ನರ್ಸ್ ಕೇಳಿದರು. ಹೌದು ಎಂದೆ. ಅದು ಹಲ್ಲಿನ ನೋವಲ್ಲ ಎಂದು ವಿವರಿಸುವಷ್ಟು ತ್ರಾಣ ನನ್ನಲ್ಲಿರಲಿಲ್ಲ.

ನನಗೆ ಆ ವಾಸನೆಯೆಂದರೆ ಆಲೂರಿನ ಆಚಾರ್ರು. ಸಂತೆ ಸೇರುವ ಜಾಗದ ಪಕ್ಕ, ತಗಡಿನ ಸೂರಿನ ಕೆಳಗೆ ಸಾಣೆಕಲ್ಲು ಹೂಡಿಕೊಂಡಿದ್ದ ಮುದುಕರು. ಎಸ್ಟೇಟಿನವರು ಗಿಡ ಕಸಿ ಮಾಡುವ ಕತ್ತಿ ತರುತ್ತಿದ್ದರು, ಹೆಂಗಸರು ಈಳಿಗೆಮಣೆ ತರುತ್ತಿದ್ದರು, ಟೈಲರುಗಳು ಕತ್ತರಿ ತರುತ್ತಿದ್ದರು. ಎಲ್ಲವನ್ನೂ ಒಂದೇ ಗೌರವದಿಂದ ಹರಿತ ಮಾಡಿಕೊಡುತ್ತಿದ್ದರು. ಅವರ ತಲೆಯ ಮೇಲಿನ ಹಲಗೆಯಲ್ಲಿ ಒಂದು ಸಣ್ಣ ಶೀಶೆ ಇತ್ತು. ಲವಂಗದ ವಾಸನೆಯ ಎಣ್ಣೆ. ಅದನ್ನು ಯಾರ ಕತ್ತಿಗೂ ಅವರು ಹಚ್ಚಿದ್ದು ನಾನು ನೋಡಿರಲಿಲ್ಲ.

ನಾನು ಕುಂದೂರಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ನಿವೃತ್ತಿಗೆ ಒಂದು ವರ್ಷ ಇದ್ದಾಗ ವನಗೂರಿನ ಎಸ್ಟೇಟೊಂದರ ಯಜಮಾನಿ, ಎಲ್ಲರೂ ಅಮ್ಮ ಎನ್ನುತ್ತಿದ್ದ ಹಿರಿಯರು, ತಮ್ಮ ಮನೆಯ ಜಪಾನಿ ಕತ್ತಿಯನ್ನು ಕೊಳ್ಳುತ್ತೀರಾ ಎಂದು ನನ್ನನ್ನು ಕೇಳಿದರು. ಅವರ ಮಾವ ಯುದ್ಧ ಮುಗಿದ ಮೇಲೆ ಬರ್ಮಾದಿಂದ ತಂದದ್ದು. ಆಸ್ತಿ ಪಾಲಾಗಿತ್ತು. ಮೂವರು ಮಕ್ಕಳೂ ಕತ್ತಿ ತನಗೇ ಬೇಕೆಂದು ಹಟ ಹಿಡಿದಿದ್ದರು. ತೋಟ ಮೂರು ಪಾಲಾಗುತ್ತೆ, ಕತ್ತಿ ಆಗುತ್ತಾ ಎಂದು ಅಮ್ಮ ನಕ್ಕಿದ್ದರು. ಅವರ ಮನೆಗೆ ಹೋದಾಗಲೆಲ್ಲ ಗೋಡೆಯ ಮೇಲಿನ ಆ ಕತ್ತಿಯನ್ನು ಇಪ್ಪತ್ತು ವರ್ಷ ಕಣ್ಣಲ್ಲೇ ಚಿತ್ರ ಬರೆದುಕೊಂಡವನು ನಾನು. ನಿವೃತ್ತಿಯಾದಾಗ ನನ್ನ ಕೈಗೆ ಬರಲಿದ್ದ ದುಡ್ಡಿನ ಬಹುಪಾಲು ಅದಕ್ಕೇ ಹೋಗುತ್ತಿತ್ತು. ಆದರೂ ಹೂಂ ಅಂದೆ.

ಕತ್ತಿಯ ವಿಷಯ ನನಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದವರು ಆಲೂರಿನಲ್ಲೇ ಇದ್ದಾರೆ ಎಂಬುದೂ ಗೊತ್ತಿರಲಿಲ್ಲ. ಒಂದು ಬುಧವಾರ ಸಾಣೆಯ ಬಳಿ ಸುಮ್ಮನೆ ಮಾತೆತ್ತಿದೆ. ಆಚಾರ್ರು ಚಕ್ರ ತುಳಿಯುವುದನ್ನು ನಿಲ್ಲಿಸಿದರು. ಪ್ರಾಯದಲ್ಲಿ ಮುಂಬೈಯ ಹಳೇ ವಸ್ತುಗಳ ಅಂಗಡಿಯೊಂದರ ಹಿಂಬದಿಯ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದರಂತೆ. ಅಲ್ಲಿಗೆ ಬರುತ್ತಿದ್ದ ಜಪಾನಿ ಮುದುಕನೊಬ್ಬನ ಪಕ್ಕ ಕೂತು ಆ ಕತ್ತಿಗಳನ್ನು ನೋಡುವುದು ಕಲಿತಿದ್ದರು. ಹಲಗೆಯ ಮೇಲಿನ ಶೀಶೆಯಲ್ಲಿದ್ದದ್ದು ಅಂಥ ಕತ್ತಿಗಳಿಗೆ ಹಚ್ಚುವ ಎಣ್ಣೆ. ಊರಿಗೆ ಬಂದು ಮೂವತ್ತು ವರ್ಷವಾಗಿತ್ತು, ಹಚ್ಚಲು ಒಂದು ಕತ್ತಿಯೂ ಸಿಕ್ಕಿರಲಿಲ್ಲ. ಆದರೂ ಎಣ್ಣೆ ಮುಗಿದಾಗ ಹೊಸದು ಮಾಡಿಡುತ್ತಿದ್ದರು...

ಆಮೇಲೆ ಎರಡು ತಿಂಗಳು ವಾರಕ್ಕೊಮ್ಮೆ ಹೋದೆ. ಅವರು ಹೇಳುತ್ತಿದ್ದುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬರ್ಮಾದಿಂದ ಬಂದವುಗಳಲ್ಲಿ ಹೆಚ್ಚಿನವು ಯುದ್ಧಕಾಲದಲ್ಲಿ ಕಾರ್ಖಾನೆಯಲ್ಲಿ ತಯಾರಾದಂಥವು. ಒರೆ, ಹಿಡಿ ನೋಡಿ ಮರುಳಾಗಬಾರದು. ಆದರೆ ಕೆಲವು ಅಧಿಕಾರಿಗಳು ಮನೆತನದ ಹಳೇ ಅಲಗಿಗೇ ಮಿಲಿಟರಿ ಹಿಡಿ ಹಾಕಿಸಿಕೊಂಡಿರುತ್ತಿದ್ದರು. ಮಾರುವವರು ಹೇಳುವ ಕಥೆಯನ್ನು ಕೇಳಬೇಕು, ಅದಕ್ಕೆ ಬೆಲೆ ಕಟ್ಟಬಾರದು. ಅಲಗಿಗೆ ಬೆರಳು ತಾಗಿಸಬಾರದು, ಅದರ ಮೇಲೆ ಬಾಗಿ ಮಾತಾಡಬಾರದು, ಉಸಿರಿನ ಪಸೆಗೂ ಕಲೆ ಬೀಳುತ್ತದೆ. ಅಂಚಿನುದ್ದಕ್ಕೂ ಮಂಜು ಕವಿದ ಹಾಗೆ ಒಂದು ಗೆರೆ ಇರಬೇಕು. ಆ್ಯಸಿಡ್ ಹಾಕಿ ಎಬ್ಬಿಸಿದ ಗೆರೆಯಾದರೆ ಸುಣ್ಣ ಬಳಿದ ಹಾಗೆ ಸತ್ತಿರುತ್ತದೆ. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಕೊಳ್ಳದೆ ಎದ್ದು ಬಂದುಬಿಡಬೇಕು. ಲೈಸೆನ್ಸ್ ನಮ್ಮ ಹೆಸರಿಗೆ ಆಗುವವರೆಗೆ ಮನೆಗೆ ತರಬಾರದು.

ಎಲ್ಲಕ್ಕಿಂತ ಹೆಚ್ಚು ಸಲ ಹೇಳಿದ್ದು ಒಂದೇ. ಹಿಡಿಯಲ್ಲಿ ಒಂದು ಬಿದಿರಿನ ಮೊಳೆ ಇರುತ್ತದೆ. ಅದನ್ನು ತೆಗೆದರೆ ಹಿಡಿ ಕಳಚುತ್ತದೆ. ಒಳಗಿನ ಕಬ್ಬಿಣವನ್ನು ಯಾರೂ ಉಜ್ಜುವುದಿಲ್ಲ, ತುಕ್ಕು ಹಿಡಿಯಲು ಬಿಟ್ಟಿರುತ್ತಾರೆ. ಮಾಡಿದವನು ಹೆಸರು ಕೆತ್ತುವುದೂ ಅಲ್ಲೇ.

"ಅಲಗು ನೋಡಿ ಎಂಥೋರ್ಗೂ ಮೋಸ ಹೋಗ್ಬೋದು ಮೇಷ್ಟ್ರೇ," ಎಂದಿದ್ದರು. "ಆ ತುಕ್ಕೈತಲ್ಲ, ಅದನ್ನ ಯಾರೂ ಒಂದಿನದಲ್ಲಿ ಮಾಡಕ್ಕಾಗಲ್ಲ. ಕತ್ತಿ ವಯಸ್ಸು ಇರೋದೇ ಅಲ್ಲಿ."

ತಾವೇ ಬಂದು ನೋಡುತ್ತೇನೆ ಎಂದರು. ಅವರ ಎಡಗಣ್ಣಿಗೆ ಪೊರೆ ಬಂದಿತ್ತು, ಬಲಗಣ್ಣಿಗೂ ಶುರುವಾಗಿತ್ತು. ಕಣ್ಣಿರುವಾಗಲೇ ಇನ್ನೊಂದು ಸಲ ಒಳ್ಳೇ ಕತ್ತಿ ನೋಡಿಬಿಡಬೇಕು ಎಂಬ ಆಸೆಯನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ನನಗೆ ಅರ್ಥವಾಗಿತ್ತು.

ನಾವು ಹೋದದ್ದು ಆಯುಧಪೂಜೆಗೆ ಎರಡು ದಿನ ಇರುವಾಗ. ಹೋಗುವುದಕ್ಕೆ ಮೂರು ದಿನ ಮೊದಲು, ಮಧ್ಯಾಹ್ನ, ಆಲೂರು ಬಸ್ ಸ್ಟ್ಯಾಂಡಿನ ಎದುರು ನಾನು ಲೋಕೇಶನ ಜೀಪ್ ಗೊತ್ತು ಮಾಡಿದೆ. ಅವನ ಜೀಪಿನ ಬಾನೆಟ್ಟಿಗೆ ಒರಗಿ ನಿಂತೇ ವನಗೂರಿಗೆ ಫೋನ್ ಮಾಡಿದೆ. ಲೋಕೇಶ ಒಂದು ಮಾರು ದೂರದಲ್ಲಿ ಗಾಜು ಒರೆಸುತ್ತಿದ್ದ. ನಾನು ಆಡಿದ ಮಾತು ನನಗೆ ಅಕ್ಷರಶಃ ನೆನಪಿದೆ: "ಆಚಾರ್ರು ಹಿಡಿ ಬಿಚ್ಚಿ ಒಳಗಡೆ ತುಕ್ಕು ನೋಡ್ತಾರಂತೆ ಅಮ್ಮ, ಸಿದ್ಧವಾಗಿಟ್ಟಿರಿ." ಇಷ್ಟೇ. ಯಾಕೆ ನೋಡುತ್ತಾರೆ ಎಂದು ಹೇಳಲಿಲ್ಲ. ನನಗೆ ಗೊತ್ತಿದ್ದದ್ದು ಅವರಿಗೂ ಗೊತ್ತಿರುತ್ತದೆ ಎಂದುಕೊಂಡೆನೋ ಏನೋ...

ವನಗೂರು ತಲುಪಿದಾಗ ಹನ್ನೊಂದು ಗಂಟೆ ದಾಟಿತ್ತು. ಅಂಗಳದಲ್ಲಿ ಮಚ್ಚು, ಗುದ್ದಲಿ, ಔಷಧಿ ಹೊಡೆಯುವ ಯಂತ್ರ, ಎಲ್ಲವನ್ನೂ ಹಬ್ಬಕ್ಕೆ ತೊಳೆದು ಬಿಸಿಲಿಗೆ ಸಾಲಾಗಿ ಇಟ್ಟಿದ್ದರು. ಆಚಾರ್ರು ಜಗಲಿಯ ಮೇಲೆ ಚಾಪೆ ಹಾಕಿಸಿಕೊಂಡು ಬೆಳಕಿಗೆ ಎದುರಾಗಿ ಕೂತರು. ಅಮ್ಮ ಬಾಗಿಲಲ್ಲಿದ್ದರು. ನಾನು ಎಡಗಡೆಯ ಕಂಬದ ಪಕ್ಕ, ಆಚಾರ್ರಿಂದ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಲೋಕೇಶ ಮೆಟ್ಟಿಲ ಕೆಳಗಿದ್ದ.

ಆಚಾರ್ರು ಕತ್ತಿಯನ್ನು ಹಣೆಗೆ ಒತ್ತಿಕೊಂಡು ಒರೆಯಿಂದ ಎಳೆದರು. ಬಲಗಣ್ಣಿನ ಹತ್ತಿರ ತಂದು ಅಲಗನ್ನು ತುಸು ಓರೆ ಮಾಡಿದರು. ಅಂಚಿನ ಮೇಲೆ ಆ ಗೆರೆ ನನಗೂ ಕಂಡಿತು. ಬೆಳಗಿನ ಹೊತ್ತು ಕಣಿವೆಯಲ್ಲಿ ಮಂಜು ನಿಂತಿರುತ್ತದಲ್ಲ, ಹಾಗೇ. ಅವರು ಅಲಗಿನ ಉದ್ದಕ್ಕೂ ಕಣ್ಣು ಹಾಯಿಸಿದರು. ಬಾಯಿಗೆ ಪಂಚೆಯ ಚುಂಗು ಅಡ್ಡ ಹಿಡಿದಿದ್ದರು. ಆಮೇಲೆ ಅದನ್ನು ಸರಿಸಿ, ಅಲಗಿನಿಂದ ಮುಖ ತಿರುಗಿಸಿ, ನನ್ನ ಕಡೆ ನೋಡಿ ಹೇಳಿದರು: "ಮುನ್ನೂರು ವರ್ಷಕ್ಕೆ ಕಮ್ಮಿ ಇಲ್ಲ ಇದು. ಜಾಸ್ತಿನೇ."

ಮೊಳೆ ತೆಗೆದರು. ಎಡಗೈಯಿಂದ ಕತ್ತಿಯನ್ನು ನೆಟ್ಟಗೆ ಹಿಡಿದು ಆ ಮುಂಗೈಯ ಮೇಲೆ ಬಲಗೈಯಿಂದ ಎರಡು ಸಲ ಮೆಲ್ಲಗೆ ಗುದ್ದಿದರು. ಹಿಡಿ ಸಡಿಲಾಗಿ ಕೈಗೆ ಬಂತು.

ಒಳಗಿನ ಕಬ್ಬಿಣ ಹೊಸ ಚಮಚದ ಹಾಗೆ ಬೆಳ್ಳಗಿತ್ತು.

ಆಚಾರ್ರು ಅದರ ಮೇಲೆ ಹೆಬ್ಬೆರಳು ಆಡಿಸಿದರು. ಮತ್ತೆ ಆಡಿಸಿದರು. ಕಣ್ಣಿನದೇ ದೋಷವಿರಬೇಕು ಎಂದು ಕೈಯನ್ನು ಕೇಳುತ್ತಿರುವಂತೆ ಕಂಡಿತು. ಅಮ್ಮ ಒಂದು ಹೆಜ್ಜೆ ಮುಂದೆ ಬಂದರು. ಅವರ ಬೆರಳ ತುದಿಗಳು ಸುಲಿದಿದ್ದವು.

"ಎರಡು ದಿವ್ಸ ಹುಣಸೆಹಣ್ಣು ಬೂದಿ ಹಾಕಿ ಉಜ್ಜಿದೆ ಆಚಾರ್ರೇ. ಎಂಥಾ ಕಿಲುಬು ಅಂತೀರ. ಏನೋ ಗೀಚಿದಂಗಿತ್ತು, ಅದರೊಳಗೂ ಕೂತ್ಬುಟ್ಟಿತ್ತು. ಸ್ಟೋರಿಂದ ಉಪ್ಪುಕಾಗದ ತರಿಸಿ ತಿಕ್ಕಿದ್ಮೇಲೆ ಹೋಯ್ತು. ತುಕ್ಕು ನೋಡ್ತೀರಂತೆ ಅಂದ್ಮೇಲೆ ಬುಡಕ್ಕಾಯ್ತದಾ? ನಮ್ಮಾವನ ಆಯುಧ. ಹೆಣ್ಣು ನೋಡಕ್ಕೆ ಬಂದೋರ ಮುಂದೆ ಮುಖ ತೊಳೀದೆ ಕಳುಸ್ತಾರಾ?"

ಅಲಗನ್ನು ಅಮ್ಮ ಮುಟ್ಟಿರಲಿಲ್ಲ. ಅಲಗು ಮುಟ್ಟಬೇಡಿ ಎಂದು ಅವರ ಮಾವ ಹೇಳಿ ಹೋಗಿದ್ದರು. ಹಿಡಿಯೊಳಗಿನದರ ಬಗ್ಗೆ ಏನೂ ಹೇಳಿರಲಿಲ್ಲ.

ಆಚಾರ್ರು ಹಿಡಿಯನ್ನು ಸೇರಿಸಿ, ಮೊಳೆ ಕೂರಿಸಿ, ತಂದಿದ್ದ ಶೀಶೆಯಿಂದ ಎರಡು ಹನಿ ಎಣ್ಣೆಯನ್ನು ಬಟ್ಟೆಗೆ ಹಾಕಿ ಅಲಗಿಗೆ ಹಚ್ಚಿದರು. ಜಗಲಿಯೆಲ್ಲ ಲವಂಗದ ವಾಸನೆ ತುಂಬಿತು. ಒರೆಗೆ ಸೇರಿಸಿ ಅಮ್ಮನ ಕೈಗೆ ಕೊಟ್ಟರು.

"ಚೆನ್ನಾಗಿ ತೊಳ್ದಿದ್ದೀರ ತಾಯಿ," ಎಂದರು. "ಕೈಗೆ ಒಸಿ ಕೊಬ್ಬರಿ ಎಣ್ಣೆ ಹಚ್ಕಳಿ."

ಅಮ್ಮ ಕೊಟ್ಟ ಕಾಫಿ ಕುಡಿದೆವು. ಯೋಚನೆ ಮಾಡಿ ಹೇಳುತ್ತೇನೆ ಎಂದು ನಾನು ಹೇಳಿದೆ.

ಜೀಪು ಇಳಿಜಾರಿನಲ್ಲಿ ಇಳಿಯುತ್ತಿದ್ದಾಗ ಆಚಾರ್ರು, ಕೊಳ್ಳಬೇಡಿ ಎಂದರು. ಅಲಗು ನಿಜವಾದದ್ದೇ, ಆದರೆ ಇನ್ನು ಅದರ ಪರವಾಗಿ ಸಾಕ್ಷಿ ಹೇಳುವುದು ಏನೂ ಉಳಿದಿಲ್ಲ. ತಿಳಿದವರು ಯಾರು ನೋಡಿದರೂ ಏನೋ ಮುಚ್ಚಿಡಲು ಉಜ್ಜಿದ್ದಾರೆ ಎನ್ನುತ್ತಾರೆ ಎಂದು ವಿವರಿಸಿದರು. ಆಮೇಲೆ ಕೇಳಿದರು.

"ನಾವು ತುಕ್ಕು ನೋಡ್ತೀವಿ ಅಂತ ಅವ್ರಿಗೆ ಯಾರು ಹೇಳಿದ್ದು ಮೇಷ್ಟ್ರೇ?"

"ಗೊತ್ತಿಲ್ಲ ಆಚಾರ್ರೇ," ಎಂದೆ. "ಹಬ್ಬ ಅಲ್ವಾ."

ಮುಂದಿನ ಕನ್ನಡಿಯಲ್ಲಿ ಲೋಕೇಶನ ಕಣ್ಣು ನನ್ನ ಕಡೆ ತಿರುಗಿ, ಮತ್ತೆ ರಸ್ತೆಗೆ ಹೋಯಿತು.

"ಹಂಗಾದ್ರೆ ನಂದೇ ತಪ್ಪು," ಎಂದರು ಆಚಾರ್ರು. "ಹಬ್ಬದ ಟೈಮು, ಮುಟ್ಬೇಡಿ ಅಂತ ಮೊದ್ಲೇ ಹೇಳಿ ಕಳಿಸ್ಬೇಕಿತ್ತು ನಾನು. ಗೊತ್ತಿದ್ದೋನು ನಾನೊಬ್ನೇ ಅಲ್ವಾ."

ಅಲ್ಲ ಎಂದು ಹೇಳಲು ಆಲೂರು ತಲುಪುವವರೆಗೆ ಸಮಯವಿತ್ತು. ಹೇಳಲಿಲ್ಲ. ಅವರ ಕಣ್ಣಲ್ಲಿ ನಾನು ಕತ್ತಿಯನ್ನು ಬಲ್ಲ ಗಿರಾಕಿಯಾಗಿಯೇ ಉಳಿಯಬೇಕಿತ್ತು, ಅಷ್ಟೇ. ಬೇರೆ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ಅವರು ಇನ್ನೂ ಎರಡು ವರ್ಷ ಸಾಣೆ ಹಿಡಿದರು. ಬಂದು ಕೂತವರಿಗೆಲ್ಲ ಆ ಕತ್ತಿಯ ವಿಷಯ ಹೇಳುತ್ತಿದ್ದರು, ತಮ್ಮ ಅಜಾಗ್ರತೆಯಿಂದ ಮುನ್ನೂರು ವರ್ಷದ ಗುರುತು ಅಳಿಸಿಹೋಯಿತು ಎಂದು. ನಾನು ಪಕ್ಕದಲ್ಲೇ ಇದ್ದಾಗಲೂ ಹೇಳಿದ್ದಾರೆ. ಆಮೇಲೆ ಬಲಗಣ್ಣೂ ಹೋಯಿತು. ಆಮೇಲೆ ಅವರೂ... ಈಗ ಆ ಜಾಗದಲ್ಲಿ ಮೊಬೈಲ್ ರಿಪೇರಿಯ ಗೂಡಂಗಡಿ ಇದೆ.

ಅಂದು ಆ ಜಗಲಿಯ ಬಳಿ ಇದ್ದದ್ದು ನಾವು ನಾಲ್ಕು ಜನ. ವನಗೂರಿನ ಅಮ್ಮ ಇದ್ದಾರೆ. ಕತ್ತಿ ಹಿರಿಯ ಮಗನ ಮನೆಗೆ ಹೋಯಿತಂತೆ, ಅಲ್ಲಿ ಪ್ರತಿ ವರ್ಷ ಹಿಡಿ ಬಿಚ್ಚಿ ತೊಳೆಯುತ್ತಾರಂತೆ. ಲೋಕೇಶ ಇದ್ದಾನೆ. ಫೋನಿನ ಮಾತನ್ನೂ, ಜೀಪಿನ ಮಾತನ್ನೂ ಕೇಳಿದವನು ಅವನೊಬ್ಬನೇ. ಆಲೂರಿನಲ್ಲಿ ಎದುರಾದರೆ ಊಟ ಆಯ್ತಾ ಮೇಷ್ಟ್ರೇ ಎಂದು ಕೇಳುತ್ತಾನೆ. ಆಯಿತು ಎನ್ನುತ್ತೇನೆ. ಆಮೇಲೂ ಅವನು ಒಂದು ಗಳಿಗೆ ಹಾಗೇ ನಿಂತಿರುತ್ತಾನೆ.