ತಮ್ಮನ ಪ್ರಶ್ನೆಯ ಬೆನ್ನುಹತ್ತಿದವಳು

ಜಗಳೂರಿನ ಲ್ಯಾಬಿನಲ್ಲಿ ಮೊನ್ನೆ ನರ್ಸ್ ನನ್ನ ಮಗಳ ತೋಳಿಗೆ ಸ್ಪಿರಿಟ್ ಒರೆಸಿದಳು. ಆ ವಾಸನೆಗೆ ಎದುರುಮನೆಯ ಅಕ್ಕ ನೆನಪಾದಳು.

ನನ್ನ ತವರು ನ್ಯಾಮತಿ. ಅಕ್ಕನ ಅಪ್ಪನಿಗೆ ಅಲ್ಲೊಂದು ಸೈಕಲ್ ಶಾಪಿತ್ತು. ಅವಳು ಬಸ್ಸಿನಲ್ಲಿ ಹೊನ್ನಾಳಿಯ ಕಾಲೇಜಿಗೆ ಹೋಗಿ ವಿಜ್ಞಾನ ಓದುತ್ತಿದ್ದಳು. ನನ್ನ ತಮ್ಮನಿಗೆ ಥಲಸ್ಸೀಮಿಯಾ. ಮೈಯಲ್ಲಿ ರಕ್ತ ಉಳಿಯುತ್ತಿರಲಿಲ್ಲ. ತಿಂಗಳು ತಿಂಗಳೂ ಶಿವಮೊಗ್ಗಕ್ಕೆ ಹೋಗಿ ಬೇರೆಯವರ ರಕ್ತ ಹಾಕಿಸಬೇಕಿತ್ತು. ಅಮ್ಮನಿಗೆ ಜೊತೆಯಾಗುತ್ತಿದ್ದವಳು ಅವಳೇ. ಬಸ್ಸಿನಲ್ಲಿ ಅವಳ ತೊಡೆಯ ಮೇಲೆ ಮಲಗಿ ಅವನೊಮ್ಮೆ ಕೇಳಿದ್ದನಂತೆ: "ಅಕ್ಕಾ, ಹಾಕಿದ್ ರಕ್ತ ಎಲ್ಲಾ ಎಲ್ಲಿಗ್ ಹೋಗ್ತೈತೆ?"

ಅವಳಿಗೆ ಉತ್ತರ ಗೊತ್ತಿರಲಿಲ್ಲ. ಆ ವರ್ಷವೇ ತಮ್ಮ ಹೋಗಿಬಿಟ್ಟ...

ಅವಳು ಮಾತ್ರ ಆ ಪ್ರಶ್ನೆಯನ್ನು ಬಿಡಲಿಲ್ಲ. ಮಾಲಿಕ್ಯುಲರ್ ಬಯಾಲಜಿ ಅಂದರೇನೆಂದು ನಮ್ಮ ಬೀದಿಯಲ್ಲಿ ಯಾರಿಗೂ ತಿಳಿಯದ ಕಾಲದಲ್ಲಿ ಅದನ್ನೇ ಓದಿದಳು, ಬೆಂಗಳೂರಿನಲ್ಲಿ ತನ್ನದೇ ಪ್ರಯೋಗಾಲಯ ಕಟ್ಟಿದಳು. ನಮ್ಮ ಕಡೆಯ ಕುಟುಂಬಗಳಲ್ಲಿ ಈ ಕಾಯಿಲೆ ತರುವ ದೋಷ ಜೀನಿನ ಯಾವ ಜಾಗದಲ್ಲಿದೆ ಎಂದು ಮೊದಲು ಪತ್ತೆಹಚ್ಚಿದವಳು ಅವಳು.

ಅಷ್ಟರಲ್ಲಿ ನನ್ನ ಮದುವೆ ಗೊತ್ತಾಗಿತ್ತು. ಹುಡುಗ ಅಮ್ಮನ ಕಿರಿಯ ತಮ್ಮ, ನನ್ನ ಸೋದರಮಾವ. ಚಿಕ್ಕಂದಿನಿಂದಲೂ ನಾನು ಮನಸ್ಸಿನಲ್ಲಿ ಇಟ್ಟುಕೊಂಡವನು. ಊರಿಗೆ ಬಂದಿದ್ದ ಅಕ್ಕ ಸುದ್ದಿ ಕೇಳಿ ನೇರ ನಮ್ಮ ಮನೆಗೆ ಬಂದಳು. ಇಬ್ಬರ ರಕ್ತವನ್ನೂ ಒಮ್ಮೆ ನೋಡೋಣ ಎಂದಳು. ಅಮ್ಮ ಬೇಡವೆಂದರೂ ಮಾವ ತಾನೇ ತೋಳು ಚಾಚಿದ. ನಾನೂ ಚಾಚಿದೆ.

ಆಮೇಲಿನ ದಿನಗಳು... ಮನೆಯಲ್ಲಿ ಅರಿಶಿನ ಕುಟ್ಟುತ್ತಿದ್ದರು, ಲಗ್ನಪತ್ರಿಕೆ ಹಂಚುತ್ತಿದ್ದರು. ಬೀದಿಯಲ್ಲಿ ಯಾರ ಚಪ್ಪಲಿ ಸದ್ದಾದರೂ ನಾನು ಬಾಗಿಲಿಗೆ ಓಡುತ್ತಿದ್ದೆ. ಫಲಿತಾಂಶವನ್ನು ಫೋನಿನಲ್ಲಿ ಹೇಳಬಹುದಿತ್ತು, ಆದರೆ ಅಕ್ಕ ತಾನೇ ಬಂದಳು. ಮುಖ ನೋಡುತ್ತಲೇ ನನಗೆ ಅರ್ಥವಾಯಿತು.

"ಇಬ್ರಲ್ಲೂ ಆ ದೋಷ ಐತೆ ಅತ್ತೆ. ಇವರಿಗೇನೂ ಆಗಲ್ಲ. ಆದ್ರೆ ಇವರಿಗೆ ಹುಟ್ಟೋ ಪ್ರತಿ ಕೂಸಿಗೂ, ನಾಲ್ಕರಲ್ಲಿ ಒಂದು ಪಾಲು, ನಿಮ್ ಮಗನಿಗೆ ಬಂದಿದ್ದೇ ಬರಬೋದು."

ಅಮ್ಮ ಎದ್ದು ನಿಂತಳು. "ನನ್ ಮಗನ ಸಾವಿನ ಮ್ಯಾಲೆ ನೀನು ದೊಡ್ಡೋಳಾದೆ. ಈಗ ಮಗಳ ಮದುವೆ ಕೆಡಸಾಕೆ ಬಂದೀಯಾ?"

ಅಕ್ಕ ಅಲ್ಲಿಂದ ಕದಲಲಿಲ್ಲ. "ಏನೈತೆ ಅಂತ ಹೇಳಾಕೆ ಬಂದೀನಿ ಅತ್ತೆ. ಏನ್ ಮಾಡ್ಬೇಕು ಅನ್ನೋದು ಇವರಿಬ್ಬರಿಗೆ ಬಿಟ್ಟಿದ್ದು."

ಎಲ್ಲರೂ ಮಾವನ ಕಡೆ ನೋಡಿದರು. ಅವನು ತನ್ನ ಅಂಗೈಗಳನ್ನೇ ನೋಡಿಕೊಂಡು ಕುಳಿತಿದ್ದ. "ಅವನನ್ನ ಎತ್ಕೊಂಡು ಹೋಗಿ ಮಣ್ಣಿಗಿಟ್ಟಿದ್ದು ಇವೇ ಕೈ. ಇನ್ನೊಂದ್ ಸಲ ನನ್ ಕೈಲಿ ಆಗಲ್ಲ," ಎಂದ. ನನ್ನನ್ನು ನೋಡದೆ ಹೊರಗೆ ಹೋದ. ನಾನು ಅವನನ್ನು ತಡೆಯಲಿಲ್ಲ...

ಮದುವೆ ನಿಂತಿತು. ಮಾವ ಬೇರೆ ಕಡೆ ಹೆಣ್ಣು ತಂದುಕೊಂಡ. ನನ್ನನ್ನು ಜಗಳೂರಿಗೆ ಕೊಟ್ಟರು. ಅಮ್ಮ ಎದುರುಮನೆಯ ಜೊತೆ ಮಾತು ಬಿಟ್ಟಳು. ಅಕ್ಕನಿಗೆ ಊರಲ್ಲಿ "ಮದುವೆ ಮುರಿಯೋಳು" ಎಂಬ ಹೆಸರು ಬಿತ್ತು. ಆದರೂ ರಜೆ ಬಂದಾಗಲೆಲ್ಲ ಹಳ್ಳಿ ಹಳ್ಳಿ ತಿರುಗಿ ರಕ್ತ ಪರೀಕ್ಷೆ ಮಾಡಿದಳು. ಬಸವಾಪಟ್ಟಣದಲ್ಲಿ ಒಮ್ಮೆ ಸಂಜೆಯವರೆಗೆ ಕಾದರೂ ಒಬ್ಬರೂ ಬರಲಿಲ್ಲವಂತೆ. ಮರುವರ್ಷ ಮತ್ತೆ ಅಲ್ಲಿಗೇ ಹೋದಳು. ಆಗ ಒಬ್ಬ ಬಾಣಂತಿ ಬಂದಳು, ಅವಳ ಹಿಂದೆ ಅವಳ ಓರಗಿತ್ತಿಯರು...

ಹೋದ ವರ್ಷ ಅಕ್ಕ ಕ್ಯಾನ್ಸರಿನಿಂದ ತೀರಿಕೊಂಡಳು. ನಾನು ಹೋಗಿದ್ದೆ, ಅಮ್ಮ ಬರಲಿಲ್ಲ.

ನಿನ್ನೆ ಮಗಳ ರಿಪೋರ್ಟ್ ಬಂತು. ನನ್ನ ದೋಷ ಅವಳಿಗೆ ಇಳಿದಿಲ್ಲ. ನ್ಯಾಮತಿಗೆ ಫೋನ್ ಮಾಡಿ ಅಮ್ಮನಿಗೆ ತಿಳಿಸಿದೆ.

"ಎದುರುಮನೆಯೋಳಿಗೆ ಇದನ್ನ ಹೇಳ್ಬೇಕಿತ್ತು ಕಣೇ," ಎಂದಳು ಅಮ್ಮ. ಆಮೇಲೆ ಅಳತೊಡಗಿದಳು.